‘ಪೀಸ್’ ಎಂಬ ಒಂದು ಪದ: ಕಾರ್ಕಳದ ಮಾಜಿ ಹವಾಲ್ದಾರರ ಅಂಗವೈಕಲ್ಯ ಪಿಂಚಣಿ ಪ್ರಕರಣ

ಕಾರ್ಕಳ ತಾಲ್ಲೂಕಿನ ಈ ಮಾಜಿ ಹವಾಲ್ದಾರರಿಗೆ ಯಕ್ಷಗಾನದ ಚೆಂಡೆ ಚೆನ್ನಾಗಿಯೇ ಕೇಳುತ್ತದೆ. ಭಾಗವತರ ಪದ ಮಾತ್ರ ಹಿಡಿತಕ್ಕೆ ಸಿಗುವುದಿಲ್ಲ. ರಾಗ ಕಿವಿಗೆ ಬೀಳುತ್ತದೆ, ಅಕ್ಷರ ಬಿಡಿಸಿಕೊಳ್ಳಲು ಆಗುವುದಿಲ್ಲ. ‘ಕಾಸು’ ಅಂದದ್ದು ‘ಕಾಚು’ ಆಗುತ್ತದೆ, ಫೋನಿನಲ್ಲಿ ಹೇಳಿದ ಅಂಕಿಗಳು ತಪ್ಪುತ್ತವೆ. “ಇವರಿಗೆ ಫೋನ್ ಕೊಟ್ರೆ ಪ್ರಯೋಜನ ಇಲ್ಲ, ಎಂತ ಇದ್ರೂ ನನ್ನತ್ರ ಹೇಳಿ” ಎಂದು ಪತ್ನಿ ಮೊದಲೇ ಹೇಳಿಬಿಡುತ್ತಾರೆ. ಎರಡೂ ಕಿವಿಗಳಲ್ಲಿ ಸದಾ ಒಂದು ಕೀರಲು ಸದ್ದು ಇದೆ, ರಾತ್ರಿ ಮನೆ ನಿಶ್ಶಬ್ದವಾದಾಗ ಅದು ಹೆಚ್ಚುತ್ತದೆ.

ಸೇನೆಯ ಆರ್ಟಿಲರಿಯಲ್ಲಿ 24 ವರ್ಷ, ಅದರಲ್ಲಿ ಹೆಚ್ಚಿನ ಕಾಲ ಗನ್ ಡಿಟ್ಯಾಚ್‌ಮೆಂಟ್‌ನಲ್ಲಿ, ಅಂದರೆ ಫಿರಂಗಿಯ ಪಕ್ಕದಲ್ಲೇ ನಿಂತು ಕೆಲಸ. 2017ರ ಜೂನ್ 30ಕ್ಕೆ ನಿವೃತ್ತಿ. ಸೇವಾ ಪಿಂಚಣಿ ಸರಿಯಾಗಿ ಬರುತ್ತಿತ್ತು. ಅಂಗವೈಕಲ್ಯದ ಪಾಲು ಒಂದು ರೂಪಾಯಿಯೂ ಬರುತ್ತಿರಲಿಲ್ಲ. ಮಂಗಳೂರು, ಉಡುಪಿ ಭಾಗದ ಮಾಜಿ ಸೈನಿಕರ ಕಡತಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಇಲ್ಲಿ ಒಬ್ಬರ ಪ್ರಕರಣವಾಗಿ ಜೋಡಿಸಿದ್ದೇವೆ. ಹೆಸರು, ರೆಜಿಮೆಂಟು, ಆಸ್ಪತ್ರೆಗಳ ಗುರುತು ಬೇಕೆಂದೇ ಬಿಟ್ಟಿದ್ದೇವೆ. ನಿಯಮ, ಲೆಕ್ಕ, ಹೆಜ್ಜೆಗಳು ಇದ್ದದ್ದು ಇದ್ದ ಹಾಗೆ ಇವೆ.

ಕಪಾಟಿನಲ್ಲಿದ್ದ ಪತ್ರ

2023ರ ಅಕ್ಟೋಬರಿನಲ್ಲಿ ಕಡತ ಮೊದಲ ಸಲ ಬಿಚ್ಚಿದಾಗ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇದ್ದದ್ದು ಮೂರೇ ಕಾಗದ: ಡಿಸ್ಚಾರ್ಜ್ ಬುಕ್, ಪಿಂಚಣಿ ಆದೇಶ ಅಂದರೆ ಪಿಪಿಒ, ಮತ್ತು 2017ರ ಸೆಪ್ಟೆಂಬರಿನಲ್ಲಿ ರೆಕಾರ್ಡ್ಸ್ ಆಫೀಸಿನಿಂದ ಬಂದ ಒಂದು ಪುಟದ ಇಂಗ್ಲಿಷ್ ಪತ್ರ. ಆ ಪತ್ರದಲ್ಲಿ ಮೂರು ವಿಷಯಗಳಿದ್ದವು. ಒಂದು, ಶ್ರವಣ ದೋಷ ಶೇ 20, ಜೀವನಪರ್ಯಂತ. ಎರಡು, ಇದು ಸೈನಿಕ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ, ಆದ್ದರಿಂದ ಅಂಗವೈಕಲ್ಯ ಪಿಂಚಣಿ ಇಲ್ಲ. ಮೂರು, ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪತ್ರ ಓದಿದ ಪರಿಚಯದವರೊಬ್ಬರು “ರಿಜೆಕ್ಟ್ ಆಗಿದೆ” ಎಂದರು. ಎರಡನೇ ಅಂಶವೇ ಇಡೀ ಪತ್ರ ಎಂದುಕೊಂಡು ಫೋಲ್ಡರು ಕಪಾಟಿಗೆ ವಾಪಸು ಹೋಯಿತು. ಮೊದಲನೇ ಅಂಶ ಅವರ ಪರವಾಗಿತ್ತು, ಮೂರನೆಯದು ದಾರಿ ತೋರಿಸುತ್ತಿತ್ತು. ಆರು ವರ್ಷ ಯಾರೂ ಅದನ್ನು ಬಿಡಿಸಿ ಹೇಳಲಿಲ್ಲ. ನಮ್ಮ ಕರಾವಳಿಯಲ್ಲಿ ಇಂಥ ಪತ್ರ ಇಟ್ಟುಕೊಂಡ ಮನೆಗಳು ಇನ್ನೂ ಇವೆ ಎಂಬ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇವೆ.

ಮಾಜಿ ಸೈನಿಕರ ಮಾತಿನಲ್ಲಿ ಈ ತಿರಸ್ಕಾರಕ್ಕೆ ‘ನಾನಾ’ ಎನ್ನುತ್ತಾರೆ. ಸೇವೆಗೆ ಸಂಬಂಧವೂ ಇಲ್ಲ, ಸೇವೆಯಿಂದ ಹೆಚ್ಚಿದ್ದೂ ಇಲ್ಲ ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳು ಅವು. ಶೇಕಡಾವಾರು ಎಷ್ಟೇ ಇರಲಿ, ಕಡತದ ಮೇಲೆ ‘ನಾನಾ’ ಬಿದ್ದರೆ ಹಣ ಇಲ್ಲ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ಶೇಕಡಾ’ ಅಲ್ಲ, ‘ನಾನಾ ಎಂದು ಬರೆಯಲು ಕೊಟ್ಟ ಕಾರಣವೇನು’. ಅದು ಇರುವುದು ರಿಲೀಸ್ ಮೆಡಿಕಲ್ ಬೋರ್ಡಿನ, ಅಂದರೆ ನಿವೃತ್ತಿಯ ಹೊತ್ತಿಗೆ ತಪಾಸಣೆ ಮಾಡುವ ಸೇನಾ ವೈದ್ಯರ ಮಂಡಳಿಯ, ನಡಾವಳಿಯಲ್ಲಿ. ಆ ಪ್ರತಿ ಇವರ ಕೈಯಲ್ಲಿ ಇರಲೇ ಇಲ್ಲ.

ದಾಖಲೆ ತರಿಸಿದ್ದು

ಆರ್ಟಿಲರಿಯ ದಾಖಲೆಗಳಿರುವುದು ನಾಸಿಕ್ ರೋಡ್ ಕ್ಯಾಂಪಿನ ಆರ್ಟಿಲರಿ ರೆಕಾರ್ಡ್ಸ್‌ನಲ್ಲಿ. ಮೊದಲು ಮಾಹಿತಿ ಹಕ್ಕಿನಡಿ ಹೋದ ಅರ್ಜಿಯಲ್ಲಿ ‘ನನ್ನ ಸೇವೆಯ ಎಲ್ಲ ದಾಖಲೆ ಕೊಡಿ’ ಎಂದಿತ್ತು. ಉತ್ತರವಾಗಿ ಬಂದದ್ದು ಪಿಪಿಒದ ನೆರಳಚ್ಚು ಮಾತ್ರ. ಕೇಳಿದ್ದು ಸ್ಪಷ್ಟವಿರದಿದ್ದರೆ ಕೈಗೆ ಮೊದಲು ಸಿಕ್ಕಿದ್ದನ್ನು ಕಳಿಸಿ ಕಡತ ಮುಚ್ಚುತ್ತಾರೆ.

ಎರಡನೇ ಅರ್ಜಿಯಲ್ಲಿ ಸೇನಾ ಸಂಖ್ಯೆ, ಹುದ್ದೆ, ಹೆಸರು, ನಿವೃತ್ತಿಯ ದಿನಾಂಕ, ಕೊನೆಯ ಯೂನಿಟ್ ಬರೆದು, ಬೇಕಾದ ಕಾಗದಗಳನ್ನು ಒಂದೊಂದಾಗಿ ಹೆಸರಿಸಲಾಯಿತು: ಸೇನೆಗೆ ಸೇರುವಾಗಿನ ವೈದ್ಯಕೀಯ ಪರೀಕ್ಷೆಯ ಪತ್ರ, ಆರೋಗ್ಯದ ದರ್ಜೆ, ಅಂದರೆ ಕೆಟಗರಿ, ಇಳಿಸಿದಾಗಿನ ಎಲ್ಲ ಮೆಡಿಕಲ್ ಬೋರ್ಡುಗಳು, ಅಂದರೆ ಎಎಫ್‌ಎಂಎಸ್‌ಎಫ್-15 ನಮೂನೆಗಳು, ರಿಲೀಸ್ ಮೆಡಿಕಲ್ ಬೋರ್ಡಿನ ಎಎಫ್‌ಎಂಎಸ್‌ಎಫ್-16, ಎಲ್ಲ ಭಾಗಗಳು, ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ಪ್ರತಿಗಳು, ಎಲ್ಲೆಲ್ಲಿ ಎಷ್ಟು ಕಾಲ ಇದ್ದರು ಎಂದು ತೋರಿಸುವ ಶೀಟ್ ರೋಲ್, ಪಿಂಚಣಿ ನಿರಾಕರಿಸಿದ ಆದೇಶ ಮತ್ತು ಅದರ ಹಿಂದಿನ ಟಿಪ್ಪಣಿ. ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರು ಮತ್ತು ಗುರುತಿನ ಚೀಟಿಯ ಪ್ರತಿ. ಪುಟಕ್ಕೆ 2 ರೂಪಾಯಿಯಂತೆ ನೆರಳಚ್ಚಿನ ಹಣ ಕೇಳಿದ ಮೇಲೆ ಅದನ್ನೂ ಕಟ್ಟಿದರು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಡಿಸೆಂಬರ್ ಕೊನೆಗೆ ದಪ್ಪನೆಯ ಲಕೋಟೆ ಕಾರ್ಕಳಕ್ಕೆ ಬಂತು.

‘ಪೀಸ್ ಸ್ಟೇಷನ್’

ಸೇರುವಾಗಿನ ಪತ್ರದಲ್ಲಿ ಎರಡೂ ಕಿವಿಗಳ ಮುಂದೆ ‘600 ಸೆಂ.ಮೀ.’ ಎಂದಿತ್ತು. ವೈದ್ಯರು ಆರು ಮೀಟರ್ ದೂರದಲ್ಲಿ ನಿಂತು ಪಿಸುಗುಟ್ಟಿದರೂ ಕೇಳುತ್ತದೆ ಎಂಬುದು ಅದರ ಅರ್ಥ, ಅಂದರೆ ಪೂರ್ತಿ ಸರಿಯಾದ ಕಿವಿ. 2009ರಲ್ಲಿ ಶ್ರವಣದ ಕೆಟಗರಿ ಎಚ್-1ರಿಂದ ಎಚ್-2ಕ್ಕೆ ಇಳಿದಿದೆ. ಅಂದಿನ ಆಡಿಯೋಗ್ರಾಮ್ ನೋಡಿದರೆ ಪ್ರಕರಣದ ತಿರುಳು ಅಲ್ಲೇ ಇದೆ. ಎಡದಿಂದ ಬಲಕ್ಕೆ ಸಾಗುವ ಗೆರೆ 500, 1000, 2000 ಹರ್ಟ್ಜ್ ತನಕ ಹೆಚ್ಚು ಕೆಳಗಿಳಿಯುವುದಿಲ್ಲ. 4000 ಹರ್ಟ್ಜ್ ಹತ್ತಿರ ಹೊಂಡಕ್ಕೆ ಬಿದ್ದ ಹಾಗೆ ಧಡಕ್ಕನೆ ಇಳಿಯುತ್ತದೆ, 8000ಕ್ಕೆ ಬರುವಾಗ ಮತ್ತೆ ಸ್ವಲ್ಪ ಮೇಲೇರುತ್ತದೆ. ಎರಡೂ ಕಿವಿಯಲ್ಲಿ ಅದೇ ಆಕಾರ. ವಯಸ್ಸಿನಿಂದ ಕುಗ್ಗುವ ಕಿವಿಯಲ್ಲಿ ಗೆರೆ ಮೇಲಿನ ಆವರ್ತನಗಳತ್ತ ಇಳಿಯುತ್ತಲೇ ಹೋಗುತ್ತದೆ. 4000ದ ಹೊಂಡ ಸದ್ದಿನ ಏಟಿನ ಗುರುತು. ಕಿವಿಯೊಳಗಿನ ಶಂಖದಲ್ಲಿ ಆ ಭಾಗದ ರೋಮಕೋಶಗಳು ಮೊದಲು ಸಾಯುತ್ತವೆ, ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ‘ಸ’, ‘ಶ’, ‘ಚ’ದಂಥ ಅಕ್ಷರಗಳು ಜಾಗ ಪಡೆಯುವುದು ಈ ಮೇಲಿನ ಆವರ್ತನಗಳಲ್ಲೇ. ಚೆಂಡೆ ಕೇಳಿ ಪದ ಕೇಳದಿರುವುದಕ್ಕೆ ಇದೇ ಕಾರಣ.

ಇನ್ನು 2017ರ ರಿಲೀಸ್ ಮೆಡಿಕಲ್ ಬೋರ್ಡು. ಮೊದಲ ಭಾಗದಲ್ಲಿ ಸೈನಿಕ ಇದ್ದ ಊರುಗಳ ಪಟ್ಟಿ, ಒಂದೊಂದರ ಮುಂದೆ ‘ಪಿ’ ಅಥವಾ ‘ಎಫ್’. ಪಿ ಎಂದರೆ ಪೀಸ್, ಅಂದರೆ ಶಾಂತಿಯ ನೆಲೆ; ಎಫ್ ಎಂದರೆ ಫೀಲ್ಡ್, ಅಂದರೆ ಗಡಿಯಂಥ ಕಾರ್ಯಾಚರಣೆಯ ನೆಲೆ. 2009ರ ಊರಿನ ಮುಂದೆ ‘ಪಿ’ ಇದೆ. ಬೋರ್ಡಿನ ಅಭಿಪ್ರಾಯದ ಕಾಲಮ್ಮಿನಲ್ಲಿ ‘ಸೇರುವ ಮೊದಲು ದೋಷವಿತ್ತೇ?’ ಎಂಬುದಕ್ಕೆ ‘ಇಲ್ಲ’. ‘ಸೈನಿಕನ ನಿರ್ಲಕ್ಷ್ಯದಿಂದ ಬಂದದ್ದೇ?’ ಎಂಬುದಕ್ಕೂ ‘ಇಲ್ಲ’. ‘ಸೇವೆಗೆ ಸಂಬಂಧವಿಲ್ಲ’ ಎಂಬುದರ ಮುಂದೆ ಕಾರಣವಾಗಿ ಒಂದೇ ಸಾಲು: ದೋಷ ಪೀಸ್ ಸ್ಟೇಷನ್‌ನಲ್ಲಿ ಶುರುವಾದದ್ದು.

ತಪ್ಪು ಇರುವುದು ಈ ಸಾಲಿನಲ್ಲೇ. ಆರ್ಟಿಲರಿ ರೆಜಿಮೆಂಟು ಪೀಸ್ ಸ್ಟೇಷನ್‌ನಲ್ಲಿದ್ದರೂ ಪೋಖ್ರಾನ್, ಮಹಾಜನ್, ದೇವಳಾಲಿಯಂಥ ರೇಂಜುಗಳಿಗೆ ಹೋಗಿ ಗುಂಡು ಹಾರಿಸುತ್ತದೆ. ತರಬೇತಿಯ ಶೆಲ್ಲಿಗೂ ಯುದ್ಧದ ಶೆಲ್ಲಿಗೂ ಕಿವಿಯ ಮಟ್ಟಿಗೆ ವ್ಯತ್ಯಾಸವಿಲ್ಲ. ಸುಮಾರು 140 ಡೆಸಿಬೆಲ್ ಮೀರಿದ ಸಿಡಿತದ ಸದ್ದು ಒಂದೇ ಏಟಿಗೂ ಕಿವಿಗೆ ಹಾನಿ ಮಾಡಬಲ್ಲದು. ದೊಡ್ಡ ಫಿರಂಗಿಯ ಪಕ್ಕದಲ್ಲಿ ಅದು ಆ ಮಿತಿಯನ್ನು ಬಹಳ ದಾಟುತ್ತದೆ. ಎತ್ತರದ ಪ್ರದೇಶದ ಶೀತದಿಂದ, ಗಡಿಯ ಒತ್ತಡದಿಂದ ಬಂತೆನ್ನುವ ಕಾಯಿಲೆಗಳಿಗೆ ಪೀಸ್–ಫೀಲ್ಡ್ ಭೇದ ಕೇಳುವುದರಲ್ಲಿ ಅರ್ಥವಿದೆ. ಫಿರಂಗಿಯವನ ಕಿವಿಗೆ ಅದೇ ಅಳತೆಗೋಲು ಹಿಡಿದದ್ದು ಯೋಚಿಸದೆ ಮಾಡಿದ ಕೆಲಸ. ಇದನ್ನು ಇಷ್ಟು ನೇರವಾಗಿ ಹೇಳಲು ನಮಗೆ ಸಂಕೋಚವಿಲ್ಲ, ಏಕೆಂದರೆ ಆ ಒಂದು ಸಾಲಿನಿಂದ ಒಂದು ಮನೆಗೆ ಆರು ವರ್ಷದ ದುಡ್ಡು ತಪ್ಪಿತು.

ಯಾವ ನಿಯಮ, ಯಾವ ತೀರ್ಪು

ಇಲ್ಲಿ ಅನೇಕರು ಎಡವುತ್ತಾರೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ, ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದು ಹೆಚ್ಚಾಗಿ ಅವೇ. ಇವರು ನಿವೃತ್ತರಾದದ್ದು 2017ರಲ್ಲಿ, ಆದ್ದರಿಂದ ಅನ್ವಯವಾಗುವುದು 2008ರ ನಿಯಮಗಳು. ಪೂರ್ತಿ ಅವಧಿ ಮುಗಿಸಿ ನಿವೃತ್ತರಾದವರಿಗೆ ಅಂಗವೈಕಲ್ಯದ ಪಾಲು ಕೊಡುವುದು 2008ರ ಪಿಂಚಣಿ ರೆಗ್ಯುಲೇಷನ್ನಿನ 53ನೇ ವಿಧಿ. ದೋಷ ಸೇವೆಗೆ ಸಂಬಂಧಿಸಿದ್ದಾಗಿರಬೇಕು, ಶೇ 20ಕ್ಕೆ ಕಡಿಮೆ ಇರಬಾರದು. 2008ರ ನಿಯಮದಲ್ಲಿ ಇನ್ನೊಂದು ಮಾತಿದೆ: ಸಾಮಾನ್ಯವಾಗಿ ಸಾಬೀತು ಮಾಡುವ ಹೊಣೆ ಸೈನಿಕನ ಮೇಲಿಲ್ಲ, ಆದರೆ ನಿವೃತ್ತಿಯಾಗಿ 15 ವರ್ಷ ಕಳೆದ ಮೇಲೆ ಬೇಡಿಕೆ ಇಟ್ಟರೆ ಹೊಣೆ ಅವನ ಮೇಲೆ ಬೀಳುತ್ತದೆ. ಇವರದು ಏಳನೇ ವರ್ಷ. ಗಡಿ ದಾಟಿರಲಿಲ್ಲ.

ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಪ್ರಕರಣವನ್ನು ಎತ್ತಿ ನಿಲ್ಲಿಸಿದವು. 2013ರ ಧರ್ಮವೀರ್ ಸಿಂಗ್ ತೀರ್ಪು: ಸೇರುವಾಗಿನ ದಾಖಲೆಯಲ್ಲಿ ದೋಷ ನಮೂದಾಗಿಲ್ಲದಿದ್ದರೆ ಸೈನಿಕ ಆರೋಗ್ಯವಂತನಾಗಿಯೇ ಸೇರಿದ ಎಂದು ಭಾವಿಸಬೇಕು; ಆಮೇಲೆ ಬಂದ ದೋಷಕ್ಕೆ ಸೇವೆ ಕಾರಣವಲ್ಲ ಎನ್ನುವುದಾದರೆ ಮೆಡಿಕಲ್ ಬೋರ್ಡು ಕಾರಣ ಬರೆಯಬೇಕು. 2014ರ ಡಿಸೆಂಬರಿನ ರಾಮ್ ಅವತಾರ್ ತೀರ್ಪು: ಅನಾರೋಗ್ಯದಿಂದ ಮಧ್ಯದಲ್ಲೇ ಬಿಡುಗಡೆಯಾದವರಿಗೆ ಮಾತ್ರವಲ್ಲ, ಅವಧಿ ಮುಗಿಸಿ ನಿವೃತ್ತರಾದವರಿಗೂ ಶೇಕಡಾವಾರನ್ನು ಮೇಲಿನ ಹಂತಕ್ಕೆ ಏರಿಸಬೇಕು. ಶೇ 50ಕ್ಕಿಂತ ಕಡಿಮೆ ಇದ್ದದ್ದು 50 ಆಗುತ್ತದೆ, 50ರಿಂದ 75ರ ನಡುವಿನದು 75, ಅದಕ್ಕೂ ಮೇಲಿನದು 100. ಬ್ರಾಡ್ ಬ್ಯಾಂಡಿಂಗ್ ಎನ್ನುವುದು ಇದಕ್ಕೇ. ಮೂರನೆಯದು 2008ರ ತರ್ಸೇಮ್ ಸಿಂಗ್ ತೀರ್ಪು, ಇದು ಎರಡಲಗಿನ ಕತ್ತಿ. ಪಿಂಚಣಿ ಸಿಗದಿರುವುದು ತಿಂಗಳು ತಿಂಗಳು ಮುಂದುವರಿಯುವ ಅನ್ಯಾಯ, ಹಾಗಾಗಿ ತಡವಾಗಿ ಬಂದರೂ ಬಾಗಿಲು ಮುಚ್ಚಿಲ್ಲ ಎನ್ನುತ್ತದೆ. ಅದರ ಜೊತೆಗೇ, ಹಿಂಬಾಕಿಯನ್ನು ದಾವೆ ಹೂಡಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಮಿತಿಗೊಳಿಸುತ್ತದೆ.

ಇದನ್ನು ರೂಪಾಯಿಯಲ್ಲಿ ನೋಡೋಣ. ಇವರ ಕೊನೆಯ ಮೂಲ ವೇತನ ಮತ್ತು 5,200 ರೂಪಾಯಿ ಮಿಲಿಟರಿ ಸರ್ವಿಸ್ ಪೇ ಸೇರಿ, ಲೆಕ್ಕ ಸುಲಭಕ್ಕೆ, 44,000 ಎಂದಿಟ್ಟುಕೊಳ್ಳಿ. ಪೂರ್ತಿ ಶೇ 100 ಅಂಗವೈಕಲ್ಯಕ್ಕೆ ಸಿಗುವುದು ಇದರ ಶೇ 30, ಅಂದರೆ 13,200. ಶೇ 20ಕ್ಕೆ 2,640 ಆಗುತ್ತಿತ್ತು. ಶೇ 50ಕ್ಕೆ ಏರಿಸಿದರೆ 6,600. ಇದರ ಮೇಲೆ ಕಾಲಕಾಲದ ತುಟ್ಟಿಭತ್ಯೆ ಬೇರೆ. ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ (ಟ್ರಿಬ್ಯೂನಲ್) ಅರ್ಜಿ ಹೋದದ್ದು 2024ರ ಅಕ್ಟೋಬರಿನಲ್ಲಿ, ಆದ್ದರಿಂದ ಹಿಂಬಾಕಿ ಶುರುವಾಗುವುದು 2021ರ ಅಕ್ಟೋಬರಿನಿಂದ. 2017ರ ಜುಲೈನಿಂದ 2021ರ ಸೆಪ್ಟೆಂಬರ್ ತನಕದ 51 ತಿಂಗಳು ಕೈಬಿಟ್ಟು ಹೋಯಿತು. ತಿಂಗಳಿಗೆ 6,600ರಂತೆ 3,36,600 ರೂಪಾಯಿ, ತುಟ್ಟಿಭತ್ಯೆ ಸೇರಿಸದೆ.

ಮೇಲ್ಮನವಿ ಬರೆದ ಬಗೆ

ಮೊದಲ ಕರಡು ನಾಲ್ಕು ಪುಟ ಇತ್ತು. ಯಾವ ಗಡಿಯಲ್ಲಿ ಎಷ್ಟು ಚಳಿ, ಮಗಳ ಮದುವೆ, ದೇಶಕ್ಕಾಗಿ ಕಳೆದ ಯೌವನ. ಒಂದೂ ಸುಳ್ಳಲ್ಲ. ಆದರೆ ಮೇಲ್ಮನವಿ ಸಮಿತಿ ನೋಡುವುದು ಬೋರ್ಡಿನ ಕಾರಣ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು. ಎರಡನೇ ಕರಡು ಒಂದೂವರೆ ಪುಟಕ್ಕೆ ಇಳಿಯಿತು. ಮೊದಲ ಪ್ಯಾರಾದಲ್ಲಿ ಸೇವೆಯ ವಿವರ, ನಿರಾಕರಣೆಯ ಪತ್ರದ ಸಂಖ್ಯೆ ಮತ್ತು ದಿನಾಂಕ. ಎರಡನೆಯದರಲ್ಲಿ ಸೇರುವಾಗ 600 ಸೆಂ.ಮೀ., 2009ರಲ್ಲಿ ಎಚ್-2. ನಡುವಿನ ವರ್ಷಗಳಲ್ಲಿ ಗನ್ ಡಿಟ್ಯಾಚ್‌ಮೆಂಟಿನಲ್ಲಿ ಮಾಡಿದ ಕೆಲಸ. ಮೂರನೆಯದರಲ್ಲಿ ಆಡಿಯೋಗ್ರಾಮಿನ 4000 ಹರ್ಟ್ಜ್ ಹೊಂಡ, ಅದಕ್ಕೆ ಇಎನ್‌ಟಿ ತಜ್ಞರ ಒಂದು ಪುಟದ ಅಭಿಪ್ರಾಯ. ನಾಲ್ಕನೆಯದರಲ್ಲಿ ‘ಪೀಸ್’ ಎಂಬ ಕಾರಣ ಈ ದೋಷಕ್ಕೆ ಏಕೆ ಹೊಂದುವುದಿಲ್ಲ ಎಂಬುದು. ಐದನೆಯದರಲ್ಲಿ ತೀರ್ಪುಗಳು, ಆರನೆಯದರಲ್ಲಿ ತಡವಾದುದಕ್ಕೆ ಕ್ಷಮಾ ಕೋರಿಕೆ: ಬೋರ್ಡಿನ ಪ್ರತಿಯೇ ಕೈಯಲ್ಲಿರಲಿಲ್ಲ, 2023ರ ಡಿಸೆಂಬರಿನಲ್ಲಿ ಸಿಕ್ಕಿತು. ಲಗತ್ತುಗಳಿಗೆಲ್ಲ ಸಂಖ್ಯೆ ಹಾಕಿ, ಪ್ಯಾರಾದೊಳಗೆ ಅದೇ ಸಂಖ್ಯೆ ಉಲ್ಲೇಖಿಸಲಾಯಿತು.

ಇಎನ್‌ಟಿ ತಜ್ಞರ ಅಭಿಪ್ರಾಯ ತರಿಸುವಾಗ ಒಂದು ಎಚ್ಚರ. ಮಂಗಳೂರಿನಲ್ಲಿ ಮೊದಲು ಸಿಕ್ಕ ಚೀಟಿಯಲ್ಲಿ ‘ಎರಡೂ ಕಿವಿಯಲ್ಲಿ ಶ್ರವಣ ದೋಷ, ಶ್ರವಣ ಸಾಧನ ಬಳಸಬಹುದು’ ಎಂದಷ್ಟೇ ಇತ್ತು. ಪಿಂಚಣಿ ಪ್ರಕರಣಕ್ಕೆ ಇದು ಸಾಲದು. ಹಳೆಯ ಆಡಿಯೋಗ್ರಾಮ್‌ಗಳನ್ನೂ ಮುಂದಿಟ್ಟು, ಗೆರೆಯ ಆಕಾರ ಯಾವುದನ್ನು ಸೂಚಿಸುತ್ತದೆ ಎಂದು ಬರೆದುಕೊಡಲು ಕೇಳಬೇಕು. ಎರಡನೇ ಸಲ ಹೋದಾಗ ವೈದ್ಯರು ಅದನ್ನು ಸ್ಪಷ್ಟವಾಗಿ ಬರೆದುಕೊಟ್ಟರು.

2024ರ ಫೆಬ್ರವರಿಯಲ್ಲಿ ಮೇಲ್ಮನವಿ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು. ರಸೀದಿಯನ್ನೂ, ತಲುಪಿದ್ದರ ಅಂಚೆ ವಿವರದ ಪ್ರಿಂಟನ್ನೂ ಇಟ್ಟುಕೊಂಡರು. ಆಗಸ್ಟ್ ತನಕ ಉತ್ತರವೇ ಇಲ್ಲ. ಇಲ್ಲಿ ಸುಮ್ಮನೆ ಕಾಯುತ್ತಾ ಕೂತವರು ಬಹಳ ಜನ. 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮನವಿ ಕೊಟ್ಟು ಆರು ತಿಂಗಳಾದರೂ ಆದೇಶ ಬಾರದಿದ್ದರೆ ಇಲಾಖೆಯೊಳಗಿನ ದಾರಿ ಮುಗಿಯಿತೆಂದೇ ಲೆಕ್ಕ, ನೇರ ನ್ಯಾಯಮಂಡಳಿಗೆ ಹೋಗಬಹುದು. ಕಾದಷ್ಟೂ ಹಿಂಬಾಕಿಯ ಮೂರು ವರ್ಷದ ಕಿಟಕಿ ಮುಂದಕ್ಕೆ ಸರಿಯುತ್ತದೆ ಎಂಬುದನ್ನು ಮರೆಯಬಾರದು. ಒಂದು ತಿಂಗಳು ತಡವಾದರೆ 6,600 ರೂಪಾಯಿ ಹೋಯಿತು.

ಕರ್ನಾಟಕದವರಿಗೆ ನ್ಯಾಯಮಂಡಳಿಯ ಪೀಠ ಕೊಚ್ಚಿಯದು. ನಿವೃತ್ತರಾದವರು ತಾವು ವಾಸವಿರುವ ಊರಿನ ವ್ಯಾಪ್ತಿಯ ಪೀಠಕ್ಕೇ ಅರ್ಜಿ ಹಾಕಬಹುದು, ಯೂನಿಟ್ ಎಲ್ಲಿತ್ತು ಎಂಬುದು ಅಡ್ಡ ಬರುವುದಿಲ್ಲ. ವಕೀಲರ ಖರ್ಚಿಗೆ ಹೆದರಿ ಹಿಂದೆ ಸರಿಯುವವರು ಒಂದು ವಿಷಯ ತಿಳಿದಿರಲಿ: ಸೈನಿಕ ಕುಟುಂಬಗಳಿಗೆ ಕಾನೂನು ನೆರವು ಕೊಡಲೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ, ಸೈನಿಕ ಮಂಡಳಿಗಳ ಮೂಲಕ ಅದು ನಡೆಯುತ್ತದೆ. ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು.

ಈ ಪ್ರಕರಣದಲ್ಲಿ 2025ರ ಸೆಪ್ಟೆಂಬರಿನಲ್ಲಿ ಆದೇಶವಾಯಿತು: ದೋಷ ಸೇವೆಗೆ ಸಂಬಂಧಿಸಿದ್ದು, ಶೇ 20ನ್ನು 50ಕ್ಕೆ ಏರಿಸಬೇಕು, ಅರ್ಜಿಗೆ ಹಿಂದಿನ ಮೂರು ವರ್ಷದಿಂದ ಹಿಂಬಾಕಿ, ನಾಲ್ಕು ತಿಂಗಳಲ್ಲಿ ಪಾವತಿ, ತಪ್ಪಿದರೆ ಬಡ್ಡಿ. ಆದೇಶ ಬಂದ ದಿನ ಹಣ ಬಂತೆಂದು ತಿಳಿಯಬಾರದು. ನ್ಯಾಯಮಂಡಳಿಯ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚಿನಲ್ಲಿ ಹೇಳಿದೆ, ಆ ದಾರಿ ಸರ್ಕಾರಕ್ಕೂ ತೆರೆದಿದೆ. ಆದೇಶದ ದೃಢೀಕೃತ ಪ್ರತಿಯನ್ನು ರೆಕಾರ್ಡ್ಸ್‌ಗೆ ಕಳಿಸಿ ದಿನಾಂಕ ಬರೆದಿಟ್ಟುಕೊಳ್ಳಬೇಕು. ಗಡುವು ಮೀರಿದರೆ ಜಾರಿ ಅರ್ಜಿ ಹಾಕಬೇಕು.

ಕಿವಿಗೆ ಸಾಧನ

ಪಿಂಚಣಿಯ ಜಗಳ ನಡೆಯುತ್ತಿದ್ದಾಗ ಕಿವಿಯ ಚಿಕಿತ್ಸೆ ಹಾಗೇ ಬಿದ್ದಿತ್ತು. ‘ಕೇಸ್ ಮುಗಿಯಲಿ’ ಎಂದು ಮನೆಯವರು ಕಾಯುತ್ತಿದ್ದರು. ಎರಡಕ್ಕೂ ಸಂಬಂಧವೇ ಇಲ್ಲ. ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಸದಸ್ಯತ್ವ ಇರುವ ಪಿಂಚಣಿದಾರರಿಗೆ, ದೋಷ ‘ನಾನಾ’ ಆಗಿದ್ದರೂ, ಶ್ರವಣ ಸಾಧನ ಸಿಗುತ್ತದೆ. 2003ರ ಏಪ್ರಿಲಿನಲ್ಲಿ ಶುರುವಾದ ಈ ಯೋಜನೆಗೆ ಇವರಂಥ ಸದಸ್ಯರು ಒಮ್ಮೆ ತಮ್ಮ ವಂತಿಗೆ ಕಟ್ಟಿರುತ್ತಾರೆ. ಇದು ದಾನವಲ್ಲ, ಅವರದೇ ಪಾಲು.

ಕಾರ್ಕಳದಿಂದ ಮಂಗಳೂರಿನ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಸುಮಾರು 50 ಕಿಲೋಮೀಟರ್. ಬಸ್ಸಿನಲ್ಲಿ ಹೋಗಿ ಬರುವುದಕ್ಕೆ ಒಂದು ದಿನ. ಹೆಜ್ಜೆಗಳು ಹೀಗೆ: ಪಾಲಿಕ್ಲಿನಿಕ್ ವೈದ್ಯರಿಂದ ಇಎನ್‌ಟಿಗೆ ರೆಫರಲ್, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಆಡಿಯೋಗ್ರಾಮ್ ಮತ್ತು ತಜ್ಞರ ಶಿಫಾರಸು, ಅದನ್ನು ಹಿಡಿದು ಮತ್ತೆ ಪಾಲಿಕ್ಲಿನಿಕ್, ಅಲ್ಲಿಂದ ಮಂಜೂರಾತಿ, ಆಮೇಲೆ ಸಾಧನ. ಮಂಜೂರಾತಿಗೆ ಮೊದಲೇ ಅಂಗಡಿಯಲ್ಲಿ ಕೊಂಡು ಬಿಲ್ ಕೊಟ್ಟರೆ ಬಿಲ್ ತಿರುಗಿ ಬರುತ್ತದೆ. ಇವರ ಮೊದಲ ಶಿಫಾರಸಿನಲ್ಲಿ ‘ಶ್ರವಣ ಸಾಧನ ಬೇಕು’ ಎಂದಿತ್ತು, ಎಷ್ಟು ಎಂದಿರಲಿಲ್ಲ. ಒಂದೇ ಕಿವಿಗೆ ಮಂಜೂರಾಯಿತು. ‘ಎರಡೂ ಕಿವಿಗೆ, ಡಿಜಿಟಲ್, ಕಿವಿಯ ಹಿಂದೆ ಇಡುವ ಬಗೆ’ ಎಂದು ಶಿಫಾರಸಿನಲ್ಲೇ ಬರೆಸಿಕೊಂಡಿದ್ದರೆ ಮತ್ತೆ ಎರಡು ಸಲ ಮಂಗಳೂರಿಗೆ ಬರಬೇಕಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ‘ಇಸಿಎಚ್‌ಎಸ್ ಬಾಕಿ ಬಂದಿಲ್ಲ, ಮುಂಗಡ ಕಟ್ಟಿ’ ಎಂದರು. ಪಟ್ಟಿಯಲ್ಲಿರುವ ಆಸ್ಪತ್ರೆ ರೆಫರಲ್ ತಂದವರಿಂದ ಹಾಗೆ ಹಣ ಕೇಳುವಂತಿಲ್ಲ. ಜಗಳವಾಡದೆ, ಕೇಳಿದ್ದನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದಾಗ ವಿಷಯ ಅಲ್ಲಿಗೇ ನಿಂತಿತು. ನಿಲ್ಲದಿದ್ದರೆ ಪಾಲಿಕ್ಲಿನಿಕ್ಕಿನ ಆಫೀಸರ್ ಇನ್ ಚಾರ್ಜ್‌ಗೆ, ಅಲ್ಲಿಂದ ಬೆಂಗಳೂರಿನ ಪ್ರಾದೇಶಿಕ ಕೇಂದ್ರಕ್ಕೆ ಲಿಖಿತ ದೂರು ಕೊಡಬೇಕು. ತುರ್ತು ಸಂದರ್ಭದಲ್ಲಿ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ತಿಳಿಸುವುದನ್ನು ಮನೆಯಲ್ಲಿ ಯಾರಾದರೂ ಒಬ್ಬರು ನೆನಪಿಟ್ಟಿರಬೇಕು.

ಸಾಧನ ಬಂದ ಮೇಲೂ ಕರಾವಳಿಯಲ್ಲಿ ಒಂದು ಶತ್ರು ಇದೆ, ಜೂನ್‌ನಿಂದ ಸೆಪ್ಟೆಂಬರ್ ತನಕದ ತೇವ. ಬೆವರು, ಮಳೆಯ ಹನಿ ಒಳಗೆ ಸೇರಿದರೆ ಸದ್ದು ಕಡಿದು ಕಡಿದು ಬರುತ್ತದೆ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಇವರ ಸಾಧನಕ್ಕೆ 13 ನಂಬರಿನ, ಕಿತ್ತಳೆ ಪಟ್ಟಿಯ ಜಿಂಕ್-ಏರ್ ಬ್ಯಾಟರಿ. ಪಟ್ಟಿ ಕಿತ್ತ ಕೂಡಲೇ ಹಾಕಬಾರದು, ಗಾಳಿ ಒಳಗೆ ಹೋಗಲು ಒಂದೆರಡು ನಿಮಿಷ ಬಿಡಬೇಕು. ಪಟ್ಟಿ ಒಮ್ಮೆ ಕಿತ್ತರೆ ಬಳಸದಿದ್ದರೂ ಬ್ಯಾಟರಿ ಸಾಯುತ್ತದೆ.

ಇದೇ ಹೊತ್ತಿಗೆ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೂ ಪ್ರಯತ್ನಿಸಿದರು, ಸಿಗಲಿಲ್ಲ. ಸೇನೆ ಶೇ 20 ಕೊಟ್ಟಿದೆ ಎಂಬ ಪತ್ರ ತೋರಿಸಿ ಉಪಯೋಗವಿಲ್ಲ, ಅಲ್ಲಿಯ ಅಳತೆಯೇ ಬೇರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಂದ ಶ್ರವಣ ಎನ್ನಲು ಮಾತಿನ ಆವರ್ತನಗಳಲ್ಲಿ ಎರಡೂ ಕಿವಿಗೆ 60ರಿಂದ 70 ಡೆಸಿಬೆಲ್ ನಷ್ಟ ಇರಬೇಕು, ಸೌಲಭ್ಯಗಳಿಗೆ ಶೇ 40 ಬೇಕು. 4000 ಹರ್ಟ್ಜ್‌ನಲ್ಲಿ ಹೊಂಡ, ಉಳಿದೆಡೆ ಸುಮಾರಾಗಿ ಸರಿ ಇರುವ ಕಿವಿ ಸರಾಸರಿಯಲ್ಲಿ ಪಾಸಾಗಿಬಿಡುತ್ತದೆ. ಅಂದರೆ ಪದ ಕೇಳದವನನ್ನು ಕೇಳುವವನೆಂದೇ ಕಾಗದ ಹೇಳುತ್ತದೆ. ಈ ಅಂತರವನ್ನು ಮುಚ್ಚಬೇಕೆಂಬುದು ಮಾಜಿ ಸೈನಿಕರ ಸಂಘಟನೆಗಳು ಎತ್ತಲೇಬೇಕಾದ ಬೇಡಿಕೆ ಎಂದು ನಮಗೆ ಅನಿಸುತ್ತದೆ.

ಸ್ಪರ್ಶ್, ಮತ್ತು ಹೆಂಡತಿಯ ಹೆಸರು

ಪಿಂಚಣಿ ಈಗ ಸ್ಪರ್ಶ್ ಎಂಬ, ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ತಿದ್ದುಪಡಿಯ ಪಿಪಿಒ ಬಂದಾಗ ಒಟ್ಟು ಮೊತ್ತ ನೋಡಿ ಸಮಾಧಾನಪಡಬಾರದು. ಅಂಗವೈಕಲ್ಯದ ಪಾಲು ಬೇರೆ ಸಾಲಿನಲ್ಲಿ ಇದೆಯೇ, ಶೇ 50 ಎಂದಿದೆಯೇ, ‘ಜೀವನಪರ್ಯಂತ’ ಎಂದಿದೆಯೇ, ಯಾವ ದಿನಾಂಕದಿಂದ ಎಂದಿದೆ, ಇವನ್ನು ನೋಡಬೇಕು. ನವೆಂಬರಿನ ಜೀವನ ಪ್ರಮಾಣಪತ್ರದಲ್ಲಿ ಇನ್ನೊಂದು ತಪ್ಪು ಮಾಮೂಲು. ಸೈಬರ್ ಅಂಗಡಿಯಲ್ಲಿ ಪಾವತಿ ಮಾಡುವ ಸಂಸ್ಥೆ ಎಂದು ಹಳೆಯ ಬ್ಯಾಂಕನ್ನು ಆರಿಸಿಬಿಡುತ್ತಾರೆ. ಸ್ಪರ್ಶ್‌ಗೆ ಬಂದವರಿಗೆ ಅಲ್ಲಿ ‘ಸ್ಪರ್ಶ್ - ಪಿಸಿಡಿಎ ಪೆನ್ಶನ್ಸ್ ಅಲಹಾಬಾದ್’ ಇರಬೇಕು. ಇಲ್ಲದಿದ್ದರೆ ಪ್ರಮಾಣಪತ್ರ ತಲುಪುವುದೇ ಇಲ್ಲ, ಪಿಂಚಣಿ ನಿಲ್ಲುತ್ತದೆ.

ಕಡತ ಓದುವಾಗ ಕಣ್ಣಿಗೆ ಬಿದ್ದ ಕೊನೆಯ ಸಂಗತಿ ಪತ್ನಿಯ ಹೆಸರು. ಸೇನೆಯ ದಾಖಲೆಯಲ್ಲಿ ಹೆಸರಿನ ಮುಂದೆ ‘ಪೂಜಾರ್ತಿ’ ಎಂದಿದೆ, ಆಧಾರ್‌ನಲ್ಲಿ ‘ಪೂಜಾರಿ’, ಬ್ಯಾಂಕ್ ಖಾತೆಯಲ್ಲಿ ತಂದೆಯ ಹೆಸರಿನ ಇನಿಶಿಯಲ್ ಮಾತ್ರ. ತುಳುನಾಡಿನಲ್ಲಿ ಇದು ಮನೆಮನೆಯ ಕಥೆ, ಶೆಟ್ಟಿ–ಶೆಡ್ತಿಯದೂ ಹೀಗೆಯೇ. ಊರಿನಲ್ಲಿ ಯಾರಿಗೂ ಗೊಂದಲವಿಲ್ಲ. ನಾಸಿಕ್‌ನಲ್ಲಿ ಕುಳಿತವರಿಗೆ ಇವು ಮೂವರು ಬೇರೆ ಬೇರೆ ಹೆಂಗಸರು. ಗಂಡ ಬದುಕಿರುವಾಗ ಅವರ ಸಹಿಯಿಂದ ಸರಿಯಾಗುವ ಇದು, ಆಮೇಲೆ ಕುಟುಂಬ ಪಿಂಚಣಿಯನ್ನೇ ತಡೆದು ನಿಲ್ಲಿಸುತ್ತದೆ. ನೋಟರಿ ಅಫಿಡವಿಟ್, ಆಧಾರ್, ಮದುವೆಯ ದಾಖಲೆ, ಜಂಟಿ ಫೋಟೋ ಜೋಡಿಸಿ ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಅರ್ಜಿ ಹೋಗಿದೆ. ಶ್ರವಣ ಸಾಧನ ಎರಡನೇ ಕಿವಿಗೂ ಬಂದಿದೆ. ಹೆಸರಿನ ತಿದ್ದುಪಡಿ ಇನ್ನೂ ಬರಬೇಕು. ರೆಕಾರ್ಡ್ಸ್‌ನಿಂದ ಫೋನ್ ಬಂದರೆ ಈಗ ಇಬ್ಬರೂ ಎತ್ತುತ್ತಾರೆ.